‘ದುಡ್ಡಿಲ್ಲ’ ಅಂದರೆ ಯಾವ ದುಡ್ಡಿಲ್ಲ?

ಹಬ್ಬ ಮುಗಿದ ಮರುದಿನ ನನ್ನ ಆಡಿಟ್ ಆಫೀಸಿಗೆ ಬರುವವರು ಕಕ್ಷಿದಾರರಲ್ಲ, ಅವರ ಮಕ್ಕಳು. ಬೆಂಗಳೂರಿಗೆ ವಾಪಸ್ ಹೋಗುವ ರೈಲಿಗೆ ಇನ್ನೂ ಎರಡು ತಾಸು ಇರುತ್ತದೆ. ಬ್ಯಾಗು ಬಾಗಿಲಲ್ಲಿಟ್ಟು, ಕುರ್ಚಿ ಎಳೆದು ಕೂತ ಕೂಡಲೇ ಶುರು: “ಸರ್, ಅಪ್ಪಯ್ಯಂಗೆ ನೀವಾದ್ರೂ ಸ್ವಲ್ಪ ಹೇಳಿ.”

ಏನು ಹೇಳಬೇಕಂತೆ? ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡುತ್ತಾರೆ, ದಾಯಾದಿ ಮನೆ ಮದುವೆಗೆ ಐವತ್ತು ಸಾವಿರ ಎಣಿಸಿ ಕೊಡುತ್ತಾರೆ. ಮೊಣಕಾಲು ತೋರಿಸಿಕೊಳ್ಳಿ ಅಂದರೆ ‘ದುಡ್ಡಿಲ್ಲ’ ಅನ್ನುತ್ತಾರೆ, ಅಟ್ಟದ ಮೇಲೆ ಎಂಟು ಕ್ವಿಂಟಾಲ್ ರಾಶಿ ಅಡಿಕೆ ಇರುತ್ತದೆ. ನಾವು ಕಳಿಸಿದ್ದು ಮುಟ್ಟಲ್ಲ, ಸೊಸೈಟಿಯಲ್ಲಿ ಸಾಲ ಮಾಡುತ್ತಾರೆ. ಕೊನೆಗೆ ತೀರ್ಪು: “ಅವರಿಗೆ ಲೆಕ್ಕಾನೇ ಗೊತ್ತಿಲ್ಲ ಸರ್.”

ಇಲ್ಲಿ ನನ್ನ ತಾಳ್ಮೆ ಸ್ವಲ್ಪ ತಪ್ಪುತ್ತದೆ. ಎರಡೆಕರೆ ತೋಟದಲ್ಲಿ ಮನೆ ನಡೆಸಿ, ಇಬ್ಬರನ್ನು ಇಂಜಿನಿಯರಿಂಗ್ ಓದಿಸಿದವರಿಗೆ ಲೆಕ್ಕ ಬರಲ್ವಾ? ಬರುತ್ತದೆ. ನಿಮ್ಮದು ಒಂದು ಲೆಕ್ಕ, ಅವರದು ಇನ್ನೊಂದು, ಅಷ್ಟೇ. ನೀವು ಕೇಳುವುದು ‘ಎಷ್ಟು ದುಡ್ಡಿದೆ?’ ಅಂತ. ಅವರು ನೋಡುವುದು ‘ಅದು ಯಾವ ದುಡ್ಡು?’ ಅಂತ.

ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಹಾಗಾಗಿ ಇನ್ನೊಂದು ಸಲ ಬಿಡಿಸಿ ಹೇಳುತ್ತೇನೆ. ನಿಮ್ಮ ಸಂಬಳ ತಿಂಗಳಿಗೊಂದು ಸಲ ಒಂದೇ ಖಾತೆಗೆ ಬೀಳುತ್ತದೆ. ಅದರಲ್ಲಿ ಎಲ್ಲ ರೂಪಾಯಿಯೂ ಒಂದೇ. ತೋಟದವರಿಗೆ ವರ್ಷಕ್ಕೊಂದು ಬೆಳೆ. ದೀಪಾವಳಿ ಹೊತ್ತಿಗೆ ಅಡಿಕೆ ಗೊನೆ ಕೊಯ್ಲು ಕಳೆಗಟ್ಟಿರುತ್ತದೆ. ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಬೇಯಿಸಿ, ಒಣಗಿಸಿ, ಮಂಡಿಗೆ ಹೋಗಿ ದುಡ್ಡಾಗುವಾಗ ಸಂಕ್ರಾಂತಿ ದಾಟಿರುತ್ತದೆ. ಖರ್ಚು ಮಾತ್ರ ಮಳೆಗಾಲದಲ್ಲೇ ಬಾಯಿ ತೆರೆದು ನಿಂತಿರುತ್ತದೆ. ಕೊಳೆರೋಗ ತಗಲದಂತೆ ಅಡಿಕೆ ಗೊನೆಗೆ ಮಳೆ ಹಿಡಿಯುವ ಮುಂಚೆ ಒಂದು ಔಷಧಿ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು. ಮೈಲುತುತ್ತ, ಸುಣ್ಣ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನ ಕೂಲಿ. ಆಷಾಢದಲ್ಲಿ ಎರಡು ದಿನ ಮಳೆ ಹೊಳವಾಗದಿದ್ದರೆ ಔಷಧಿ ತಪ್ಪುತ್ತದೆ, ಕೊಳೆ ಬಂದು ಕಾಯಿ ಬುಡಕ್ಕೆ ಉದುರುತ್ತದೆ. ಹಾಗಾಗಿ ಜುಲೈನಲ್ಲಿ ಅಪ್ಪಯ್ಯನ ಕೈಯಲ್ಲಿ ನಲವತ್ತು ಸಾವಿರ ಇದ್ದರೂ ‘ದುಡ್ಡಿಲ್ಲ’ ಅನ್ನುವುದು ಸುಳ್ಳಲ್ಲ. ಅದು ಔಷಧಿ ದುಡ್ಡು. ಮೊಣಕಾಲಿನ ದುಡ್ಡು ಇನ್ನೂ ಮರದ ಮೇಲಿದೆ.

ಅಟ್ಟದ ಅಡಿಕೆ? ಮಾರುವವರೆಗೆ ಅದು ದುಡ್ಡಲ್ಲ, ಅಡಿಕೆ. ಮುಂದಿನ ವರ್ಷ ಬೆಳೆ ಕೈ ಕೊಟ್ಟರೆ ಇರಲಿ ಅಂತ ಇಟ್ಟ ಧೈರ್ಯ. ನೀವು ಟರ್ಮ್ ಇನ್ಶೂರೆನ್ಸ್ ಮಾಡಿಸಿಕೊಂಡು ನೆಮ್ಮದಿಯಾಗಿ ಮಲಗುತ್ತೀರಲ್ಲ, ಹಾಗೆ.

ಮದುವೆಗೆ ಕೊಟ್ಟ ಐವತ್ತು ಸಾವಿರಕ್ಕೆ ನನ್ನಲ್ಲಿ ಬೇರೆ ವಿವರಣೆ ಇಲ್ಲ. ಅದು ಮುಯ್ಯಿ. ನಿಮ್ಮ ಅಕ್ಕನ ಮದುವೆಯಲ್ಲಿ ಯಾರು ಎಷ್ಟು ಕೊಟ್ಟರು ಅನ್ನುವ ಪುಸ್ತಕ ಮನೆಯಲ್ಲೇ ಎಲ್ಲೋ ಇರುತ್ತದೆ. ಒಮ್ಮೆ ತೆಗೆದು ನೋಡಿ. ನೀವು ದಾನ ಅಂದುಕೊಂಡಿದ್ದು ಬಹಳ ಸಲ ತೀರಿಸಬೇಕಾದ ಬಾಕಿ ಆಗಿರುತ್ತದೆ.

ಕಾಗದದ ಹುಚ್ಚಿನ ಬಗ್ಗೆಯೂ ದೂರು ಬರುತ್ತದೆ. ಹೊಸನಗರ ಕಡೆಯ ಹಿರಿಯರೊಬ್ಬರು ನನ್ನಲ್ಲಿಗೆ ತಗಡಿನ ಟ್ರಂಕ್ ಹೊತ್ತು ಬರುತ್ತಾರೆ. ನನಗೆ ಬೇಕಾದದ್ದು ಪಾಸ್‌ಬುಕ್ ಒಂದೇ. ಅವರು ತರುವುದು ನಲವತ್ತು ವರ್ಷದ ಕರೆಂಟ್ ಬಿಲ್, ಕಂದಾಯದ ರಸೀದಿ, ಗೊಬ್ಬರದ ಚೀಟಿ. ದಾರ ಕಟ್ಟಿದ ಕಟ್ಟುಗಳು, ಮಧ್ಯೆ ನುಸಿಗುಳಿಗೆ. ಮಗನಿಗೆ ನಾಚಿಕೆ. ನಾನೇ ಒಂದು ದಿನ ಕೇಳಿದೆ. ಅವರ ತಂದೆ ಗೇಣಿಗೆ ಮಾಡುತ್ತಿದ್ದವರು. 1974ರಲ್ಲಿ ಭೂಸುಧಾರಣೆ ಕಾನೂನು ಬಿಗಿಯಾದ ಮೇಲೆ ಗೇಣಿ ಜಮೀನಿನ ಹಕ್ಕು ಕೇಳುವ ಫಾರಂ ನಂಬರ್ 7 ಹಾಕಿದರು. ಗೇಣಿ ಕೊಟ್ಟಿದ್ದಕ್ಕೆ ಗುರುತಾಗಿ ಅವರ ಹತ್ತಿರ ಇದ್ದದ್ದು ಅಂಗೈ ಅಗಲದ ಎರಡು ಚೀಟಿ. ಪಕ್ಕದ ಮನೆಯವರ ಹತ್ತಿರ ಅದೂ ಇರಲಿಲ್ಲ. ಇವರಿಗೆ ಜಮೀನು ಬಂತು, ಅವರಿಗೆ ಬರಲಿಲ್ಲ. ಆ ಟ್ರಂಕನ್ನು ಈಗ ನಾನೇ ಮೇಜಿನ ಮೇಲೆ ಇಳಿಸಿಕೊಳ್ಳುತ್ತೇನೆ.

ಈಗ ಈ ಸಲದ ಗಿರಾಕಿಗೆ ಬರುತ್ತೇನೆ. ತೀರ್ಥಹಳ್ಳಿ ಕಡೆಯವರು ಅಂತಿಟ್ಟುಕೊಳ್ಳಿ, ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಮಗ ಏಳು ವರ್ಷದಿಂದ ತಿಂಗಳಿಗೆ 10,000 ಕಳಿಸುತ್ತಿದ್ದಾನೆ. ಪಾಸ್‌ಬುಕ್ ನೋಡಿದರೆ 8,40,000 ರೂಪಾಯಿ ಹಾಗೇ ಇದೆ, ಮೇಲೆ ಬಡ್ಡಿ. ಅಪ್ಪಯ್ಯ ಮಾತ್ರ ಪ್ರತಿವರ್ಷ ಸೊಸೈಟಿಯಲ್ಲಿ ಬೆಳೆ ಸಾಲ ತೆಗೆದಿದ್ದಾರೆ. ಮಗನ ಕಣ್ಣು ಕೆಂಪಾಗಿತ್ತು. “ನನ್ನ ದುಡ್ಡು ಅವರಿಗೆ ಬೇಡ, ಸಾಲ ಬೇಕು.”

ನಾನು ನಕ್ಕುಬಿಟ್ಟೆ, ನಗಬಾರದಿತ್ತು. ಆ ಸಾಲ ಶೂನ್ಯ ಬಡ್ಡಿಯದು. ಗಡುವಿನೊಳಗೆ ಕಟ್ಟಿದರೆ ಒಂದು ಪೈಸೆ ಬಡ್ಡಿ ಇಲ್ಲ. 2023ರ ರಾಜ್ಯ ಬಜೆಟ್ಟಿನಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಅಪ್ಪಯ್ಯ ಒಂದು ಸಲವೂ ಗಡುವು ದಾಟಿರಲಿಲ್ಲ. ಬಡ್ಡಿ ಇಲ್ಲದ ಸಾಲ ಇರುವಾಗ ಕೈಯ ದುಡ್ಡು ಯಾಕೆ ಮುರಿಯಬೇಕು? ನನ್ನನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದೆ. ಅವರ ತಪ್ಪು ಒಂದೇ. ಅಷ್ಟು ದುಡ್ಡನ್ನು ಸುಮ್ನೆ ಉಳಿತಾಯ ಖಾತೆಯಲ್ಲಿ, ಅದೂ ಒಂದೇ ಬ್ಯಾಂಕಿನಲ್ಲಿ ಕೊಳೆಸಿದ್ದು. ಬ್ಯಾಂಕ್ ಮುಳುಗಿದರೆ ಠೇವಣಿ ವಿಮೆ ಸಿಗುವುದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ. ಊರಿನ ಸೊಸೈಟಿ ಠೇವಣಿಗೆ ಆ ವಿಮೆಯೇ ಇಲ್ಲ, ಇದು ನೆನಪಿರಲಿ.

ಒಂದು ಎಚ್ಚರಿಕೆ. ಎಲ್ಲ ಮನೆಗೂ ಇದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಜೀವನಪೂರ್ತಿ ಪೈಸೆ ಪೈಸೆ ಬರೆದಿಟ್ಟವರು ಇದ್ದಕ್ಕಿದ್ದಂತೆ ಲೆಕ್ಕ ತಪ್ಪಿದರೆ, ಕೊಟ್ಟವರಿಗೇ ಮತ್ತೆ ಕೊಟ್ಟರೆ, ಅದು ಸ್ವಭಾವ ಇರಲಿಕ್ಕಿಲ್ಲ. ಮರೆವಿನ ಕಾಯಿಲೆ ಮೊದಲು ದುಡ್ಡಿನ ವ್ಯವಹಾರದಲ್ಲೇ ಕಾಣಿಸುವುದುಂಟು. ಆಗ ಆಡಿಟರ್ ಹತ್ತಿರ ಅಲ್ಲ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಯಾರೋ ಫೋನ್ ಮಾಡಿ ಹೆದರಿಸಿ ದುಡ್ಡು ಕಿತ್ತಿದ್ದರೂ ಹೀಗೇ ಕಾಣುತ್ತದೆ. ಗದರಿಸಬೇಡಿ. ಗದರಿಸಿದರೆ ಎರಡನೇ ಸಲ ಹೇಳುವುದೇ ಇಲ್ಲ.

ಆ ಮಗನಿಗೆ ನಾನು ಹೇಳಿದ್ದು ಇಷ್ಟೇ: ‘ಯಾಕೆ ಖರ್ಚು ಮಾಡಲ್ಲ’ ಅಂತ ಕೇಳಬೇಡ, ‘ಇದು ಯಾವ ದುಡ್ಡು ಅಪ್ಪಯ್ಯಾ’ ಅಂತ ಕೇಳು. ಮುಂದಿನ ವಾರ ಅಪ್ಪ ಮಗ ಇಬ್ಬರೂ ಬಂದರು. ನನ್ನ ಎದುರಿಗೇ ಕೇಳಿದ. ಅಪ್ಪಯ್ಯ ಎಲೆ ಸಂಚಿ ಬಿಚ್ಚಿ, ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, ನನ್ನ ಕಡೆ ನೋಡಿ ಹೇಳಿದರು.

“ಇವನ ಕಂಪನೀಲಿ ಹೋದ್ವರ್ಷ ನೂರಾರು ಜನನ್ನ ತೆಗೆದ್ರಂತೆ. ಅಲ್ಲೂ ಕೊಳೆ ಬರ್ತದಲ್ವಾ? ಬಂದ್ರೆ ಇರ್ಲಿ ಅಂತ ಇಟ್ಟಿದ್ದು.”

ಮಗ ಮೊಬೈಲ್ ನೋಡುತ್ತಾ ಕೂತ. ನಾನು ಎರಡು ಬ್ಯಾಂಕಿನ ಎಫ್‌ಡಿ ಅರ್ಜಿ ತೆಗೆದೆ. ನಾಮಿನಿ ಕಾಲಂ ತುಂಬಿಸಿ, ಸಹಿ ಹಾಕಿಸಿದೆ. ಫೀಸು ಸಾವಿರ ಅಂದೆ. ಅಪ್ಪಯ್ಯ ಎಂಟುನೂರು ಎಣಿಸಿ ಮೇಜಿನ ಮೇಲಿಟ್ಟರು.