ಎಂಆರ್‌ನಲ್ಲಿ ಇಲ್ಲದ ಇನ್ನೊಂದು ಎಂ

ಜೇವರ್ಗಿ ಕಡೆಯ ನಮ್ಮೂರಿಂದ ಕಾಕಾನ ಮಗ ಫೋನ್ ಮಾಡಿದ್ದ. ವಯಸ್ಸು 26, ಮದುವೆ ಗೊತ್ತಾಗಿದೆ. ಕೆನ್ನೆ ಬಾತು ಆರನೇ ದಿನ. ಇಳಿದಿದ್ದ ಜ್ವರ ಮತ್ತೆ ಏರಿದೆ.

"ಅಣ್ಣಾ, ಈಗ ಕೆಳಗ ಒಂದು ಬೀಜ ಬಾತದ. ಮಂಗನಬಾವು ಕೆಳಗಿಳಿದ್ರ ಮಕ್ಕಳಾಗಲ್ಲ ಅಂತಾರ, ಖರೇನ? ಸಣ್ಣಾಂವಿದ್ದಾಗ ಎಲ್ಲಾ ಸೂಜಿ ಮಾಡಿಸೀವಿ ಅಂತಾಳ ನಮ್ಮವ್ವ."

ಕಾಕಿ ಅವನ ಕೊರಳಿಗೆ ತನ್ನ ಬಂಗಾರದ ಸರ ಹಾಕಿದ್ದಳು. ಬಾವು ಇಳಿಯಲೆಂದು. ಕೆನ್ನೆಯ ಬಾವು ವಾರದಲ್ಲಿ ತಾನಾಗಿಯೇ ಇಳಿಯುವಂಥದ್ದು, ಹಾಗಾಗಿ ಹೆಸರು ಸರಕ್ಕೆ ಬರುತ್ತದೆ.

ಮೊದಲು ಅವನ ಭಯದ ಲೆಕ್ಕ. ಬಾವು ಕೆನ್ನೆಯಿಂದ ಕೆಳಕ್ಕೆ ಜಾರುವುದಿಲ್ಲ. ವೈರಸ್ಸು ರಕ್ತದಲ್ಲಿ ಸಾಗಿ ವೃಷಣ ತಲುಪುತ್ತದೆ. ಪ್ರಾಯಕ್ಕೆ ಬರದ ಹುಡುಗರಲ್ಲಿ ಇದು ಅಪರೂಪ. ಲಸಿಕೆ ಇಲ್ಲದೆ ರೋಗ ಬಂದ ಪ್ರಾಯದ ಗಂಡಸರಲ್ಲಿ 100ಕ್ಕೆ 30ರವರೆಗೆ ಈ ಉರಿಯೂತ ಕಾಣಿಸಬಹುದು, ಹೆಚ್ಚಿನವರಿಗೆ ಒಂದೇ ಬದಿಗೆ. ಕೆನ್ನೆ ಬಾತರೆ ಚರ್ಮ ಹಿಗ್ಗಿ ಜಾಗ ಬಿಡುತ್ತದೆ. ವೃಷಣದ ಸುತ್ತ ಇರುವುದು ಹಿಗ್ಗದ ಬಿಳಿ ಪೊರೆ. ತೊಗರಿ ತುಂಬಿ ಬಾಯಿ ಹೊಲಿದ ಚೀಲಕ್ಕೆ ನೀರು ಬಿದ್ದರೆ ಕಾಳು ಉಬ್ಬಿ ಒಂದನ್ನೊಂದು ಒತ್ತುತ್ತವಲ್ಲ, ಒಳಗೆ ಆಗುವುದೂ ಅದೇ. ಆ ಒತ್ತಡಕ್ಕೆ ವೀರ್ಯಾಣು ತಯಾರಾಗುವ ಸಣ್ಣ ನಾಳಗಳು ನಲುಗುತ್ತವೆ. ಹೀಗೆ ಬಾತ ವೃಷಣಗಳಲ್ಲಿ ಸುಮಾರು ಅರ್ಧದಷ್ಟು ಆಮೇಲೆ ಒಂದಿಷ್ಟು ಕುಗ್ಗುತ್ತವೆ. ಆದರೆ ಇನ್ನೊಂದು ಬದಿ ಕೆಲಸ ಮಾಡುತ್ತಲೇ ಇರುತ್ತದೆ. ವೀರ್ಯಾಣು ಕಡಿಮೆಯಾಗಬಹುದು, ಪೂರ್ತಿ ಬಂಜೆತನ ಅಪರೂಪ.

ಸೂಜಿಯ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ಅವನು ಹುಟ್ಟಿದ ಕಾಲದ ಸರ್ಕಾರಿ ಪಟ್ಟಿಯಲ್ಲಿ ದಡಾರದ ಲಸಿಕೆ ಇತ್ತು, ಮಂಗನಬಾವಿನದು ಇರಲಿಲ್ಲ. 2017ರಲ್ಲಿ ಶಾಲೆ ಶಾಲೆಗೆ ಹೋಗಿ ಹಾಕಿದ ಎಂಆರ್ ಲಸಿಕೆ ದಡಾರ ಮತ್ತು ರುಬೆಲ್ಲಾಕ್ಕೆ ಮಾತ್ರ. ಎಂಎಂಆರ್ ಎಂಬ ಬೇರೆ ಲಸಿಕೆಯಲ್ಲಿ ಇರುವ ಇನ್ನೊಂದು 'ಎಂ' ಮಂಪ್ಸ್, ಅಂದರೆ ನಮ್ಮ ಮಂಗನಬಾವು. ಎಂಎಂಆರ್ ಅನ್ನು ಮಕ್ಕಳ ಡಾಕ್ಟರು ಖಾಸಗಿಯಾಗಿ ಹಾಕುತ್ತಾರೆ: 9 ತಿಂಗಳು, 15 ತಿಂಗಳು, ಮತ್ತೆ 4ರಿಂದ 6 ವರ್ಷದೊಳಗೆ. ಎಂಆರ್ ಹಾಕಿಸಿದರೆ ಮಕ್ಕಳಾಗುವುದಿಲ್ಲ ಎಂಬ ಸುದ್ದಿ ಆಗ ವಾಟ್ಸಾಪ್ ತುಂಬ ಓಡಾಡಿತ್ತು. ಸಂತಾನಕ್ಕೆ ಕಾವಲಾಗಬಲ್ಲ ಭಾಗ ಆ ಸೀಸೆಯಲ್ಲಿ ಇರಲೇ ಇಲ್ಲ ಎನ್ನುವುದು ನನಗಂತೂ ತಮಾಷೆಯಾಗಿ ಕಾಣುವುದಿಲ್ಲ.

1963ರಲ್ಲಿ ಅಮೆರಿಕದ ಲಸಿಕೆ ವಿಜ್ಞಾನಿ ಮಾರಿಸ್ ಹಿಲ್ಲೆಮನ್ ತನ್ನ ಮಗಳು ಜೆರಿಲ್ ಲಿನ್‌ಗೆ ಮಂಗನಬಾವು ಬಂದಾಗ ಅವಳ ಗಂಟಲಿಂದಲೇ ವೈರಸ್ ತೆಗೆದು, ಕೋಳಿಯ ಜೀವಕೋಶಗಳಲ್ಲಿ ಬೆಳೆಸಿ ದುರ್ಬಲಗೊಳಿಸಿ ಲಸಿಕೆ ಮಾಡಿದ. ಆ ತಳಿಗೆ ಇಂದಿಗೂ ಅವಳದೇ ಹೆಸರು. ಎರಡು ಡೋಸು ಮಂಗನಬಾವನ್ನು ಸುಮಾರು 86 ಪ್ರತಿಶತ ತಡೆಯುತ್ತವೆ. ಪೂರ್ತಿ ಅಲ್ಲ, ವರ್ಷ ಕಳೆದಂತೆ ಕಸುವು ತಗ್ಗುವುದೂ ಉಂಟು. ಆದರೆ ಲಸಿಕೆ ಪಡೆದವರಿಗೆ ರೋಗ ಬಂದರೂ ವೃಷಣ ಬಾಯುವುದು 100ಕ್ಕೆ ಸುಮಾರು 6 ಗಂಡಸರಲ್ಲಿ.

ತಮ್ಮನಿಗೆ ಡಾಕ್ಟರು ಹೇಳಿದ್ದು ವಿಶ್ರಾಂತಿ, ಬಿಗಿ ಚಡ್ಡಿ, ಐಸು, ಪ್ಯಾರಾಸಿಟಮಾಲ್. ಆ್ಯಂಟಿಬಯೋಟಿಕ್‌ಗೆ ವೈರಸ್ ಜಗ್ಗುವುದಿಲ್ಲ. ವೀರ್ಯ ಪರೀಕ್ಷೆ ಈಗಲೇ ಬೇಡ ಎಂದೂ ಹೇಳಿದರು: ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಮೂರು ತಿಂಗಳು ಬಿಟ್ಟು ನೋಡಿದರೆ ಲೆಕ್ಕ ಸರಿ ಸಿಗುತ್ತದೆ.

ರಾತ್ರಿ ಅವನ ಅಕ್ಕ ತನ್ನ ಮಗನ ತಾಯಿ ಕಾರ್ಡಿನ ಫೋಟೊ ಕಳಿಸಿದಳು. "ಎಲ್ಲಾ ಆಗ್ಯಾವಲ್ಲಣ್ಣಾ?" ಎಂಆರ್ ಒಂದು, ಎಂಆರ್ ಎರಡು, ಎರಡಕ್ಕೂ ಆಶಾ ಕಾರ್ಯಕರ್ತೆ ಹಸಿರು ಪೆನ್ನಿನಲ್ಲಿ ಟಿಕ್ ಹಾಕಿದ್ದಳು.