ಒಂದೇ ತೋಟದಲ್ಲಿ ನಾಲ್ಕು ಬಗೆಯ ವೈರಸ್

ಮಡಿಕೇರಿ ಕಡೆಯ ಬೆಳೆಗಾರರೊಬ್ಬರು ಏಲಕ್ಕಿ ಎಲೆಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ನಡುನರದಿಂದ ಅಂಚಿನವರೆಗೆ ತಿಳಿಹಸಿರು ಗೆರೆಗಳು. ನೋಡಿದ ಕೂಡಲೇ ಏಲಕ್ಕಿಗೆ ವೈರಸ್ಸಿನಿಂದ ಬರುವ ಕಟ್ಟೆ ರೋಗ ಎನಿಸಿತು. "ಲ್ಯಾಬ್‌ನವರು ವೈರಸ್ ಇಲ್ಲ ಎಂದಿದ್ದಾರಲ್ಲ ಸರ್" ಎಂದು ವರದಿ ತೋರಿಸಿದರು. ಅದನ್ನು ನಂಬಿ ರೋಗದ ಬುಡಗಳನ್ನು ಕೀಳದೆ ಬಿಟ್ಟಿದ್ದರು. ನನಗೆ ಸಂಕಟವಾಯಿತು. ಲ್ಯಾಬ್‌ನವರು ಬಳಸಿದ ಪಿಸಿಆರ್ ಯಂತ್ರ ಪ್ರತಿ ಮೇಲೆ ಪ್ರತಿ ಮಾಡಿ ತೋರಿಸುವುದು ವಂಶವಾಹಿ ಅಣುವಾದ ಡಿಎನ್‌ಎಯನ್ನು. ಕಟ್ಟೆ ವೈರಸ್ಸಿನಲ್ಲಿರುವುದು ಅದರ ಹತ್ತಿರದ ಬಂಧುವಾದ ಆರ್‌ಎನ್‌ಎ. ಮೊದಲು ಅದರ ಡಿಎನ್‌ಎ ಪ್ರತಿ ಮಾಡಿಕೊಳ್ಳಬೇಕಿತ್ತು. ಆ ಹಂತವೇ ಬಿಟ್ಟುಹೋಗಿತ್ತು.

ವೈರಸ್ಸಿಗೆ ಪ್ರೋಟೀನ್ ತಯಾರಿಸುವ ಸ್ವಂತ ವ್ಯವಸ್ಥೆ ಇಲ್ಲ, ಜೀವಕೋಶದ್ದನ್ನೇ ಬಳಸಬೇಕು. ಆ ವ್ಯವಸ್ಥೆಯಾದರೋ ಪ್ರೋಟೀನ್ ಮಾಡುವ ಸೂಚನೆ ಹೊತ್ತ ಸಂದೇಶವಾಹಕ ಆರ್‌ಎನ್‌ಎಯನ್ನು ಮಾತ್ರ ಓದುತ್ತದೆ. ಹಾಗಾದರೆ ಪ್ರತಿ ವೈರಸ್ ಆ ಸಂದೇಶವನ್ನು ಯಾವ ದಾರಿಯಲ್ಲಿ ತಯಾರಿಸುತ್ತದೆ? 1971ರಲ್ಲಿ ಅಮೆರಿಕದ ವೈರಸ್ ವಿಜ್ಞಾನಿ ಡೇವಿಡ್ ಬಾಲ್ಟಿಮೋರ್ ಈ ಪ್ರಶ್ನೆಯನ್ನೇ ಹಿಡಿದು ವೈರಸ್‌ಗಳನ್ನು ಆರು ಗುಂಪು ಮಾಡಿದರು. ಏಳನೆಯದು ಆಮೇಲೆ ಸೇರಿತು.

ನಮ್ಮ ಕೊಡಗಿನ ತೋಟಗಳಲ್ಲೇ ಇವುಗಳಲ್ಲಿ ನಾಲ್ಕು ಸಿಗುತ್ತವೆ. ಕಟ್ಟೆಯ ಆರ್‌ಎನ್‌ಎ ತಾನೇ ಸಂದೇಶ. ಕೋಶದೊಳಗೆ ಬಿದ್ದೊಡನೆ ಅದನ್ನು ಓದಬಹುದು. ಇದು ನಾಲ್ಕನೆಯ ಗುಂಪು. ಏಲಕ್ಕಿಯದೇ ಇನ್ನೊಂದು ರೋಗ ಕೊಕ್ಕೆ ಕಂದು. ಕಟ್ಟೆಯನ್ನು ಹರಡುವ ಗಿಡಹೇನೇ ಅದನ್ನೂ ಹರಡುತ್ತದೆ, ಆದರೆ ವೈರಸ್ಸಿನ ಸ್ವಭಾವವೇ ಬೇರೆ. ಅದರ ಆರ್‌ಎನ್‌ಎ ಮುದ್ರಣದ ಅಚ್ಚಿನಂತೆ ತಿರುವುಮುರುವು. ಅದರಿಂದ ಸಂದೇಶವನ್ನು ಪಡಿಮೂಡಿಸುವ ಕಿಣ್ವವನ್ನು ವೈರಸ್ಸೇ ಹೊತ್ತು ತರುತ್ತದೆ. ಇದು ಐದನೆಯ ಗುಂಪು. ಹುಚ್ಚುನಾಯಿ ರೋಗದ ವೈರಸ್ ಇದರ ಕುಟುಂಬದ್ದೇ ಎಂದರೆ ಬೆಳೆಗಾರರು ಬೆರಗಾಗುತ್ತಾರೆ. ನನಗೂ ಆ ಬೆರಗು ಇನ್ನೂ ಆರಿಲ್ಲ.

ಬಾಳೆಯ ಸುಳಿ ಗುಚ್ಛವಾಗಿ ನಿಂತುಬಿಡುವ ಬಂಚಿ ಟಾಪ್ ರೋಗದ ವೈರಸ್ ಒಂಟಿ ಎಳೆಯ ಡಿಎನ್‌ಎಯದು, ಎರಡನೆಯ ಗುಂಪು. ಕೋಶಕೇಂದ್ರದಲ್ಲಿ ಜೋಡಿ ಎಳೆಯಾದ ಮೇಲಷ್ಟೇ ಅದರಿಂದ ಸಂದೇಶ ಹೊರಡುತ್ತದೆ.

ಅತ್ಯಂತ ವಿಚಿತ್ರವಾದದ್ದು ಕಾಳುಮೆಣಸಿನ ಎಲೆಗಳನ್ನು ಹಳದಿಯಾಗಿಸಿ ಮುರುಟಿಸುವ ವೈರಸ್. ಅದರಲ್ಲಿರುವುದು ಜೋಡಿ ಎಳೆಯ ಡಿಎನ್‌ಎ. ನೇರವಾಗಿ ಇನ್ನೊಂದು ಡಿಎನ್‌ಎ ಮಾಡಿಕೊಳ್ಳಬಹುದಿತ್ತು. ಹಾಗೆ ಮಾಡದೆ ಮೊದಲು ಆರ್‌ಎನ್‌ಎ ಆಗಿ, ಅಲ್ಲಿಂದ ತಿರುಗಿ ಡಿಎನ್‌ಎ ಆಗುತ್ತದೆ. ಮನುಷ್ಯರ ಹೆಪಟೈಟಿಸ್ ಬಿ ಕೂಡ ಇದೇ ಏಳನೆಯ ಗುಂಪಿನದು. ಉಳಿದ ಮೂರು ಗುಂಪುಗಳಲ್ಲಿ ದನಗಳ ಚರ್ಮಗಂಟು ರೋಗ ಒಂದನೆಯದಕ್ಕೂ, ಮಕ್ಕಳಿಗೆ ಭೇದಿ ತರುವ ರೋಟಾವೈರಸ್ ಮೂರನೆಯದಕ್ಕೂ, ಎಚ್‌ಐವಿ ಆರನೆಯದಕ್ಕೂ ಸೇರುತ್ತವೆ.

ತೋಟದ ಈ ನಾಲ್ಕು ವೈರಸ್‌ಗಳಿಗೂ ಔಷಧವಿಲ್ಲ. ರೋಗದ ಗಿಡ ಕಿತ್ತು, ಶುದ್ಧ ಸಸಿ ನೆಡುವುದೇ ಮುಖ್ಯ ದಾರಿ. ಅದಕ್ಕೇ ಪರೀಕ್ಷೆ ಸರಿಯಿರಬೇಕು. ಎಲೆ ಕಳಿಸುವಾಗ ಯಾವ ಬೆಳೆ, ಯಾವ ರೋಗದ ಅನುಮಾನ ಎಂದು ಚೀಟಿಯಲ್ಲಿ ಬರೆಯಿರಿ. ಏಲಕ್ಕಿ ಎಲೆಯಾದರೆ ತಣ್ಣಗಿಟ್ಟು ಬೇಗ ತಲುಪಿಸಿ. ಆರ್‌ಎನ್‌ಎ ಡಿಎನ್‌ಎಗಿಂತ ಬಹಳ ಬೇಗ ಹಾಳಾಗುತ್ತದೆ.