ಬ್ರೆಜಿಲ್‌ನಲ್ಲಿ 184ನೇ ದಿನ

ಹೋದ ವರ್ಷ ಜುಲೈನಲ್ಲಿ ನಮ್ಮ ಆಡಿಟ್ ಆಫೀಸಿಗೆ ಒಂದು ಡಬ್ಬಿ ಧಾರವಾಡ ಪೇಡೆ ಬಂತು. ತಂದವಳು ಹುಬ್ಬಳ್ಳಿಯ ಹುಡುಗಿ, ನನ್ನ ಹಳೇ ಕ್ಲೈಂಟ್. ಬೆಂಗಳೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಅಮೆರಿಕದ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಕನ್ಸಲ್ಟಿಂಗ್ ಮಾಡುತ್ತಾಳೆ. ವರ್ಷಕ್ಕೆ ಹೆಚ್ಚುಕಡಿಮೆ 40 ಲಕ್ಷ ರೂಪಾಯಿ ಬಿಲ್ ಮಾಡುತ್ತಾಳೆ.

"ಸರ, ಬ್ರೆಜಿಲ್‌ನ ಡಿಜಿಟಲ್ ನೊಮ್ಯಾಡ್ ವೀಸಾ ಸಿಕ್ತ್ರಿ. ಅಲ್ಲೇ ಕುಂತು ಇದೇ ಕೆಲಸ ಮಾಡೂದ್ರಿ. ವರ್ಷದ್ದು. ಟ್ಯಾಕ್ಸಿಂದು ಏನರ ಮಾಡಬೇಕೇನ್ರಿ?"

"ಟಿಕೆಟ್ ಬುಕ್ ಮಾಡಿದ್ದೀಯಾ?"

"ಇನ್ನೂ ಇಲ್ರಿ."

"ಹಾಗಾದ್ರೆ ಕೂತ್ಕೋ. ಸರಿಯಾದ ಟೈಮಿಗೆ ಬಂದಿದ್ದೀಯ."

ನಮ್ಮ ಹತ್ತಿರ ಬರುವವರಲ್ಲಿ ಹೆಚ್ಚಿನವರು ಟಿಕೆಟ್ ತಗೊಂಡು, ಮನೆ ಖಾಲಿ ಮಾಡಿದ ಮೇಲೆ ಬರುತ್ತಾರೆ. ಕೆಲವರು ಅಲ್ಲಿಗೆ ಹೋಗಿ ಎಂಟು ತಿಂಗಳಾದ ಮೇಲೆ ಫೋನ್ ಮಾಡುತ್ತಾರೆ. ಅಷ್ಟೊತ್ತಿಗೆ ಆಡಿಟರ್ ಕೈಯಲ್ಲಿ ಮಾಡುವುದಕ್ಕೆ ಜಾಸ್ತಿ ಏನೂ ಉಳಿದಿರುವುದಿಲ್ಲ. ಎಷ್ಟು ದಿನ ಇರಬಹುದು ಅಂತ ವೀಸಾ ಹೇಳುತ್ತದೆ. ಅಷ್ಟು ದಿನ ಇದ್ದರೆ ಏನಾಗುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ.

ಬ್ರೆಜಿಲ್ ಯಾಕೆ ಅಂತ ನಾನೂ ಮೊದಲು ಕೇಳುತ್ತಿದ್ದೆ. ಈಗ ಕೇಳುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ ಹತ್ತು ಗಂಟೆಯ ಮೀಟಿಂಗ್ ಅಂದರೆ ಬೆಂಗಳೂರಿನಲ್ಲಿ ರಾತ್ರಿ ಏಳೂವರೆ, ಅಲ್ಲಿ ಚಳಿಗಾಲವಾದರೆ ಎಂಟೂವರೆ. ಅವರ ದಿನ ಮುಗಿಯುವ ಹೊತ್ತಿಗೆ ಇಲ್ಲಿ ಹಾಲಿನವನು ಬರುವ ಹೊತ್ತಾಗಿರುತ್ತದೆ. ಅದೇ ಮೀಟಿಂಗ್ ಸಾವೊ ಪಾಲೊದಲ್ಲಿ ಹನ್ನೊಂದಕ್ಕೋ ಹನ್ನೆರಡಕ್ಕೋ ಬೀಳುತ್ತದೆ. ಮಾಡುವುದು ಅದೇ ಕೆಲಸ, ಆದರೆ ರಾತ್ರಿ ನಿದ್ದೆ ಮಾಡಬಹುದು. ಐದಾರು ವರ್ಷ ನೈಟ್ ಶಿಫ್ಟ್ ಮಾಡಿದವರಿಗೆ ಇದೊಂದೇ ಕಾರಣ ಸಾಕು. ಬೀಚು ಆಮೇಲೆ.

ಇನ್ನೊಂದು ಕಾರಣ ನಮ್ಮ ಪಾಸ್‌ಪೋರ್ಟ್. ಅರ್ಜೆಂಟೀನಾದಲ್ಲೂ ಕೊಲಂಬಿಯಾದಲ್ಲೂ ರಿಮೋಟ್ ಕೆಲಸದವರಿಗೆ ಬೇರೆ ವೀಸಾ ಇದೆ. ಆದರೆ ಅದು ಇರುವುದು ಪ್ರವಾಸಕ್ಕೆ ವೀಸಾ ಬೇಡದ ದೇಶಗಳ ಪ್ರಜೆಗಳಿಗೆ. ಆ ಪಟ್ಟಿಯಲ್ಲಿ ನಾವು ಸುಲಭವಾಗಿ ಕೂರುವುದಿಲ್ಲ. ಬ್ರೆಜಿಲ್ ಆ ಷರತ್ತು ಹಾಕಿಲ್ಲ. ಅಲ್ಲಿನ ವಲಸೆ ಮಂಡಳಿ 2021ರ ಸೆಪ್ಟೆಂಬರ್‌ನಲ್ಲಿ 45ನೇ ನಂಬರಿನ ನಿರ್ಣಯ ಮಾಡಿತು. 2022ರ ಜನವರಿಯಿಂದ ವೀಸಾ ಶುರುವಾಯಿತು. ತಿಂಗಳಿಗೆ 1,500 ಡಾಲರ್ ಆದಾಯ ತೋರಿಸಬೇಕು, ಇಲ್ಲವೇ ಬ್ಯಾಂಕಿನಲ್ಲಿ 18,000 ಡಾಲರ್ ಇರಬೇಕು. ಕೆಲಸ ಕೊಡುವ ಕಂಪನಿ ಬ್ರೆಜಿಲ್‌ನದ್ದಾಗಿರಬಾರದು. ಆರೋಗ್ಯ ವಿಮೆ ಅಲ್ಲಿ ನಡೆಯುವಂಥದ್ದಾಗಿರಬೇಕು. ಇಲ್ಲಿನ ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್ ತಂದು, ವಿದೇಶಾಂಗ ಇಲಾಖೆಯ ಅಪೊಸ್ಟೀಲ್ (ಹೊರದೇಶದಲ್ಲಿ ಕಾಗದ ನಡೆಯುವುದಕ್ಕೆ ಹಾಕುವ ದೃಢೀಕರಣ) ಹಾಕಿಸಬೇಕು. ಒಂದು ವರ್ಷಕ್ಕೆ ಕೊಡುತ್ತಾರೆ, ಇನ್ನೊಂದು ವರ್ಷ ಮುಂದುವರಿಸಬಹುದು. ಭಾರತದಲ್ಲಿ ಅವರ ರಾಯಭಾರ ಕಚೇರಿ ದೆಹಲಿಯಲ್ಲಿ, ಕಾನ್ಸುಲೇಟ್ ಮುಂಬೈಯಲ್ಲಿ. ಕಾಗದಪತ್ರ ಓಡಾಟ ಇದ್ದೇ ಇದೆ, ಆದರೆ ಅದು ಆಗಿ ಮುಗಿಯುವ ಕೆಲಸ.

ನನ್ನ ಕೆಲಸ ಶುರುವಾಗುವುದು ಅದಾದ ಮೇಲೆ.

ಅವಳ ಮುಂದೆ ಟೇಬಲ್ ಕ್ಯಾಲೆಂಡರ್ ಇಟ್ಟೆ. ಎರಡು ದೇಶ ನಿನ್ನ ದಿನಗಳನ್ನು ಎಣಿಸುತ್ತವೆ, ಇಬ್ಬರೂ ಒಂದೇ ಥರ ಎಣಿಸುವುದಿಲ್ಲ ಅಂದೆ.

ನಮ್ಮದು ಏಪ್ರಿಲ್ 1ರಿಂದ ಮಾರ್ಚ್ 31. ಇದರೊಳಗೆ 182 ದಿನ ಭಾರತದಲ್ಲಿದ್ದರೆ ತೆರಿಗೆ ಲೆಕ್ಕದಲ್ಲಿ ನೀವು ಇಲ್ಲಿನ ರೆಸಿಡೆಂಟ್. ಆಗ ಪ್ರಪಂಚದ ಯಾವ ಮೂಲೆಯಲ್ಲಿ ದುಡಿದ ದುಡ್ಡಾದರೂ ಇಲ್ಲಿ ತೆರಿಗೆಗೆ ಬರುತ್ತದೆ. ಏಪ್ರಿಲ್‌ನಿಂದ ಇಲ್ಲೇ ಇದ್ದವರಿಗೆ ಸೆಪ್ಟೆಂಬರ್ 29ಕ್ಕೆ 182 ತುಂಬುತ್ತದೆ. ಇನ್ನೊಂದು ಸಣ್ಣ ನಿಯಮವೂ ಇದೆ: ಈ ವರ್ಷ 60 ದಿನ, ಹಿಂದಿನ ನಾಲ್ಕು ವರ್ಷದಲ್ಲಿ ಒಟ್ಟು 365 ದಿನ ಇದ್ದರೂ ರೆಸಿಡೆಂಟೇ. ಕೆಲಸಕ್ಕೆಂದು ದೇಶ ಬಿಟ್ಟು ಹೊರಡುವ ವರ್ಷಕ್ಕೆ ಭಾರತೀಯರಿಗೆ ಈ 60ರ ಕಾಟ ಇಲ್ಲ. ಕೆಲಸ ಮುಗಿಸಿ ವಾಪಸ್ ಬಂದು ನೆಲೆಯಾಗುವ ವರ್ಷಕ್ಕೆ ಇದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬ್ರೆಜಿಲ್‌ನದು ಬೇರೆ. ಅಲ್ಲಿ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. ಆದರೆ ನಿಮ್ಮ ದಿನ ಎಣಿಸುವುದಕ್ಕೂ ಆ ವರ್ಷಕ್ಕೂ ಸಂಬಂಧ ಇಲ್ಲ. ನೀವು ಕಾಲಿಟ್ಟ ದಿನದಿಂದ ಹನ್ನೆರಡು ತಿಂಗಳೊಳಗೆ, ಬಿಟ್ಟು ಬಿಟ್ಟು ಇದ್ದರೂ ಸರಿ, 184ನೇ ದಿನ ತುಂಬಿತೋ, ಅಂದಿನಿಂದ ನೀವು ಅವರ ರೆಸಿಡೆಂಟ್. ಅಲ್ಲಿಯ ತನಕ ಹೊರದೇಶದ ಕಂಪನಿ ಕೊಡುವ ದುಡ್ಡಿನ ಮೇಲೆ ಅವರು ಕೈ ಹಾಕುವುದಿಲ್ಲ. ಅಂದಿನಿಂದ ಪ್ರತಿ ತಿಂಗಳೂ ನೀವೇ ಲೆಕ್ಕ ಹಾಕಿ, ಮುಂದಿನ ತಿಂಗಳು ಮುಗಿಯುವುದರೊಳಗೆ ಕಟ್ಟಬೇಕು. ಈ ತಿಂಗಳ ಕಂತಿಗೆ ಅವರು ಇಟ್ಟಿರುವ ಹೆಸರು 'ಕಾರ್ನೆ ಲೆಯಾಂವ್'. ಲೆಯಾಂವ್ ಅಂದರೆ ಸಿಂಹ. ಬ್ರೆಜಿಲ್‌ನಲ್ಲಿ ಆದಾಯ ತೆರಿಗೆಯ ಗುರುತೇ ಸಿಂಹ. ಅಷ್ಟು ನಿಯತ್ತಾಗಿ ಚಿಹ್ನೆ ಆರಿಸಿಕೊಂಡ ಇಲಾಖೆಯನ್ನು ನಾನಂತೂ ಬೇರೆಲ್ಲೂ ನೋಡಿಲ್ಲ.

ಸಿಂಹ ಎಷ್ಟು ತಿನ್ನುತ್ತದೆ? ಅವಳದ್ದೇ ಲೆಕ್ಕ ಹಾಕಿ ತೋರಿಸಿದೆ.

ಇಲ್ಲಿ ಅವಳು ವೃತ್ತಿಪರರಿಗಿರುವ ಅಂದಾಜು ಆದಾಯದ ಸ್ಕೀಮಿನಲ್ಲಿದ್ದಾಳೆ. ನಾವೆಲ್ಲ 44ಎಡಿಎ ಅನ್ನುತ್ತಿದ್ದದ್ದು. ಬಿಲ್ ಮಾಡಿದ 40 ಲಕ್ಷದಲ್ಲಿ ಅರ್ಧ, ಅಂದರೆ 20 ಲಕ್ಷ, ಆದಾಯ ಅಂತ ತೋರಿಸಿದರೆ ಸಾಕು. ಹೊಸ ಪದ್ಧತಿಯ ಸ್ಲ್ಯಾಬಿನಲ್ಲಿ ಅದಕ್ಕೆ 2 ಲಕ್ಷ ತೆರಿಗೆ, ಸೆಸ್ ಸೇರಿಸಿ 2 ಲಕ್ಷದ 8 ಸಾವಿರ. ಬ್ರೆಜಿಲ್‌ನಲ್ಲಿ ಅರ್ಧ ಬಿಡುವ ಆ ಧಾರಾಳ ಇಲ್ಲ. 2026ರಿಂದ ತಿಂಗಳಿಗೆ 5,000 ರಿಯಾಲ್ (ಅವರ ದುಡ್ಡು) ತನಕ ತೆರಿಗೆ ಬೇಡ ಅಂತ ಮಾಡಿದ್ದಾರೆ, ನಿಜ. ಅವಳ ಆದಾಯ ತಿಂಗಳಿಗೆ ಸುಮಾರು 20,000 ರಿಯಾಲ್. ಆ ರಿಯಾಯಿತಿ ಅವಳಿಗೆ ಮುಟ್ಟುವುದಿಲ್ಲ. ಮೇಲಿನ ದರ ಶೇ. 27.5. ಒಂದು ಪೂರ್ತಿ ವರ್ಷಕ್ಕೆ ಹಿಡಿದರೆ ನಮ್ಮ ದುಡ್ಡಿನಲ್ಲಿ ಸುಮಾರು 9 ಲಕ್ಷ.

ಅವಳು ಪೇಡೆ ಡಬ್ಬಿ ಕಡೆ ನೋಡಿದಳು. ವಾಪಸ್ ತಗೊಂಡು ಹೋಗ್ತಾಳೇನೋ ಅಂದುಕೊಂಡೆ.

"ಎರಡು ದೇಶದ ನಡುವೆ ಒಪ್ಪಂದ ಐತಲ್ರಿ?" ಅಂದಳು. ಇದೆ. 1988ರಲ್ಲೇ ಸಹಿಯಾದದ್ದು. ಒಂದೇ ದುಡ್ಡಿಗೆ ಎರಡು ಕಡೆ ತೆರಿಗೆ ಬೀಳದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಅಲ್ಲಿ ಕಟ್ಟಿದ್ದನ್ನು ಇಲ್ಲಿ ಕಳೆದುಕೊಳ್ಳಬಹುದು. ಆದರೆ ಕಳೆಯುವುದು ಆ ಆದಾಯಕ್ಕೆ ಇಲ್ಲಿ ಬರುವ ತೆರಿಗೆಯಷ್ಟನ್ನು ಮಾತ್ರ. ಇಲ್ಲಿ 2, ಅಲ್ಲಿ 9 ಇದ್ದರೆ ಮಿಕ್ಕ 7 ಲಕ್ಷವನ್ನು ಯಾರೂ ಕೊಡುವುದಿಲ್ಲ. ಒಪ್ಪಂದ ಇದೆ ಅಂದ ಕೂಡಲೇ ಕಡಿಮೆ ದರ ನಮ್ಮದಾಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಆಗುವುದು ಜಾಸ್ತಿ ದರ.

ಅಕ್ಟೋಬರ್‌ನಲ್ಲಿ ಹೋಗಿ ಮುಂದಿನ ಅಕ್ಟೋಬರ್‌ನಲ್ಲಿ ಬಂದರೆ ಏನಾಗುತ್ತದೆ ನೋಡಿ. ಹೊರಟ ವರ್ಷ 182 ದಾಟಿದ್ದರಿಂದ ಇಲ್ಲಿ ರೆಸಿಡೆಂಟ್. ಏಪ್ರಿಲ್‌ನಲ್ಲಿ 184 ತುಂಬಿ ಅಲ್ಲಿ ರೆಸಿಡೆಂಟ್. ಅಕ್ಟೋಬರ್‌ನಲ್ಲಿ ವಾಪಸ್ ಬಂದು ಇಲ್ಲೇ ಉಳಿದರೆ, ಆಗಲೇ ಹೇಳಿದ 60 ದಿನದ ನಿಯಮ ಬಂದು ಕೂರುತ್ತದೆ, ಆ ವರ್ಷಕ್ಕೂ ಇಲ್ಲಿ ರೆಸಿಡೆಂಟ್. ಒಂದೇ ಆರು ತಿಂಗಳಿಗೆ ಎರಡು ದೇಶದಲ್ಲೂ ಲೆಕ್ಕ ಒಪ್ಪಿಸಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟ ಪ್ಲ್ಯಾನ್ ಇದೇ. ಇಷ್ಟಾಗಿಯೂ ಎಲ್ಲರೂ ಮೊದಲು ಹೇಳುವುದು ಇದನ್ನೇ, ಯಾಕಂದರೆ ವೀಸಾದ ಮೇಲೆ 'ಒಂದು ವರ್ಷ' ಅಂತ ಬರೆದಿರುತ್ತದೆ.

ಅವಳಮ್ಮ ಮೊದಲೇ ಒಂದು ಮಾತು ಹೇಳಿದ್ದರಂತೆ: ದಸರಾ ಮುಗಿಸಿಕೊಂಡು ಹೋಗು, ಯುಗಾದಿಗೆ ಬಂದುಬಿಡು. ಕ್ಯಾಲೆಂಡರ್ ತಿರುವಿ ನೋಡಿದೆ. ವಿಜಯದಶಮಿ ಅಕ್ಟೋಬರ್ 2, ಯುಗಾದಿ ಮಾರ್ಚ್ 19. ನಡುವೆ 168 ದಿನ. 184ಕ್ಕೆ ಹದಿನೈದು ದಿನದ ಮೇಲೆ ಉಳಿಯಿತು. ಇಲ್ಲಿ 182 ಹೇಗೂ ದಾಟಿತ್ತು. ಅಂದರೆ ಬ್ರೆಜಿಲ್‌ಗೆ ಒಂದು ರಿಯಾಲ್ ತೆರಿಗೆ ಇಲ್ಲ, ಇಲ್ಲಿ 44ಎಡಿಎ ಹಾಗೇ ಇರುತ್ತದೆ. ಆ ಸ್ಕೀಮ್ ಸಿಗುವುದು ರೆಸಿಡೆಂಟ್‌ಗಳಿಗೆ ಮಾತ್ರ. ಮೇಲಾಗಿ ಅಕ್ಟೋಬರ್‌ನಿಂದ ಮಾರ್ಚ್ ಅಂದರೆ ಅಲ್ಲಿ ಬೇಸಿಗೆ, ಫೆಬ್ರವರಿಯಲ್ಲಿ ಕಾರ್ನಿವಲ್. ಮೂವತ್ತು ವರ್ಷದಿಂದ ತೆರಿಗೆ ಕಾನೂನು ಓದುತ್ತಿರುವ ನಾನು ಇಷ್ಟು ಚೊಕ್ಕ ಸಲಹೆ ಕೊಡುತ್ತಿದ್ದೆನೋ ಇಲ್ಲವೋ.

ಪೂರ್ತಿ ಹೋಗುವವರು ಪೂರ್ತಿಯೇ ಹೋಗಬೇಕು. ಎರಡು ವರ್ಷ ಇರುವ ಮನಸ್ಸಿದ್ದರೆ ಸೆಪ್ಟೆಂಬರ್ 29ಕ್ಕೆ ಮುಂಚೆಯೇ ಹೊರಡಿ. ಏರ್‌ಪೋರ್ಟಿನಲ್ಲಿ ಕಳೆದ ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ, ಅಂಚಿಗೆ ಬಂದು ನಿಲ್ಲಬೇಡಿ. ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ಖಾತೆ) ಮಾಡಿಸಿ. ಜಿಎಸ್‌ಟಿ ನಂಬರ್ ಇದ್ದರೆ ಅದನ್ನೂ ವಿಚಾರಿಸಿ. ಇನ್ನೊಂದು ಮುಖ್ಯ ವಿಷಯ: ನೀವು ಅನಿವಾಸಿ ಆದ ಮೇಲೂ ಕಂಪನಿ ದುಡ್ಡು ನೇರವಾಗಿ ಭಾರತದ ಖಾತೆಗೆ ಬಿದ್ದರೆ, 'ಭಾರತದಲ್ಲಿ ಕೈಗೆ ಬಂದ ಆದಾಯ' ಅಂತ ಇಲಾಖೆ ಕೇಳಬಹುದು. ಮೊದಲು ಹೊರಗಿನ ಖಾತೆಗೆ ಬರಲಿ, ಆಮೇಲೆ ಮನೆಗೆ ಕಳಿಸಿ.

ಪಗಾರ ಎಲ್ಲಿ ಬೀಳುತ್ತದೆ ಅನ್ನುವುದು ಅಷ್ಟು ದೊಡ್ಡ ಪ್ರಶ್ನೆ. ಅಂದಹಾಗೆ ಉತ್ತರ ಕರ್ನಾಟಕದ ಈ 'ಪಗಾರ' ಪೋರ್ಚುಗೀಸಿನಿಂದ ಬಂದದ್ದು. ಬ್ರೆಜಿಲ್‌ನಲ್ಲಿ 'ಪಗಾರ್' ಅಂದರೆ ದುಡ್ಡು ಕೊಡುವುದು. ನಮಗೆ ಬರುವ ಮಾತು, ಅವರಿಗೆ ಕೊಡುವ ಮಾತು.

ಸಂಬಳದ ನೌಕರರದ್ದು ಇನ್ನೊಂದು ಕಥೆ. ಬೆಂಗಳೂರಿನ ಕಂಪನಿಯೊಂದರ ಹುಡುಗ, ಮ್ಯಾನೇಜರ್ ಬಾಯಿಮಾತಲ್ಲಿ "ಹೋಗಿ ಬಾ" ಅಂದಿದ್ದೇ ಸಾಕು ಅಂತ, ಟೂರಿಸ್ಟ್ ವೀಸಾದಲ್ಲಿ ರಿಯೊಗೆ ಹೋದ. ಎಚ್‌ಆರ್‌ಗೆ ಗೊತ್ತಿಲ್ಲ. ಆಫೀಸಿನ ಲ್ಯಾಪ್‌ಟಾಪ್ ಅಲ್ಲಿಂದ ಲಾಗಿನ್ ಆದ ದಿನವೇ ಮೇಲ್ ಬಂತು. ಮೂರನೇ ವಾರ ವಾಪಸ್ ಬಂದ. ಕಂಪನಿಯದು ಕಿರಿಕಿರಿ ಅಂತ ಅವನಿಗೆ ಈಗಲೂ ಸಿಟ್ಟಿದೆ. ನನಗೆ ಹಾಗನ್ನಿಸಲಿಲ್ಲ. ನೌಕರ ಇನ್ನೊಂದು ದೇಶದಲ್ಲಿ ಕೂತು ತಿಂಗಳುಗಟ್ಟಲೆ ಕೆಲಸ ಮಾಡಿದರೆ, ಆ ಕಂಪನಿಗೇ ಅಲ್ಲೊಂದು ವ್ಯವಹಾರದ ಜಾಗ ಇದೆ ಅಂತ ಆ ದೇಶ ವಾದಿಸಬಹುದು. ಯಾವ ಕಂಪನಿಗೆ ಬೇಕು ಹೇಳಿ. ಅದಕ್ಕೇ ಬರವಣಿಗೆಯಲ್ಲಿ ಒಪ್ಪಿಗೆ ಇಲ್ಲದೆ ಹೊರಡಬೇಡಿ ಅನ್ನುವುದು. ಹೇಗೂ ನೊಮ್ಯಾಡ್ ವೀಸಾಕ್ಕೆ ಕಂಪನಿಯ ಕಾಗದ ಬೇಕೇ ಬೇಕು.

ಹುಬ್ಬಳ್ಳಿ ಹುಡುಗಿ ಅಕ್ಟೋಬರ್ 5ಕ್ಕೆ ಹೊರಟಳು. ಹೋದದ್ದು ಫ್ಲೋರಿಯಾನೊಪೊಲಿಸ್‌ಗೆ. ಅಲ್ಲಿನವರು ಫ್ಲೋರಿಪಾ ಅನ್ನುತ್ತಾರಂತೆ. ಆಮೇಲಿನದು ನನಗೆ ಗೊತ್ತಾದದ್ದು ವಾಟ್ಸ್ಆ್ಯಪ್‌ನಲ್ಲಿ. ಮೊದಲ ವಾರವೇ ಒಂದು ವಾಯ್ಸ್ ಮೆಸೇಜ್. ಸೂಪರ್ ಮಾರ್ಕೆಟ್ಟಿನ ಕೌಂಟರಿನಲ್ಲಿ ಹುಡುಗ "ಸೆಪೆಎಫಿ?" ಅಂತ ಕೇಳಿದ. ಇವಳಿಗೆ ಅರ್ಥ ಆಗಲಿಲ್ಲ. ಚೀಲ ಬೇಕಾ ಅಂತ ಕೇಳ್ತಿದ್ದಾನೆ ಅಂದುಕೊಂಡು ಹೂಂ ಅಂದಳು. ಅವನು ನಂಬರ್ ಹೇಳಿ ಅಂತ ಕಾಯುತ್ತಾ ನಿಂತ. ಹಿಂದೆ ಕ್ಯೂ.

ಅದು ಸಿಪಿಎಫ್, ಹನ್ನೊಂದು ಅಂಕಿಯ ತೆರಿಗೆ ನಂಬರ್. ನಮ್ಮ ಪ್ಯಾನ್ ಮತ್ತು ಆಧಾರ್ ಎರಡನ್ನೂ ಕಲಸಿದರೆ ಆಗುವಂಥದ್ದು. ಬಿಲ್ಲಿನಲ್ಲಿ ಹಾಕಲಾ ಅಂತ ಕೇಳುತ್ತಾರೆ. ಸಿಮ್‌ಗೆ, ಆನ್‌ಲೈನ್ ಖರೀದಿಗೆ, ಬ್ಯಾಂಕ್ ಖಾತೆಗೆ ಅದೇ ಬೇಕು. ಖಾತೆ ಇದ್ದರೆ 'ಪಿಕ್ಸ್'. ಅವರ ಸೆಂಟ್ರಲ್ ಬ್ಯಾಂಕ್ 2020ರ ನವೆಂಬರ್‌ನಲ್ಲಿ ಶುರು ಮಾಡಿದ್ದು, ಥೇಟ್ ನಮ್ಮ ಯುಪಿಐ. ಎಳನೀರಿನವನೂ ಕ್ಯೂಆರ್ ತೋರಿಸುತ್ತಾನೆ. ದೇಶಕ್ಕೆ ಕಾಲಿಟ್ಟ 90 ದಿನದೊಳಗೆ ಫೆಡರಲ್ ಪೊಲೀಸರ ಹತ್ತಿರ ನೋಂದಣಿಯೂ ಆಗಬೇಕು.

ಮನೆ ವಿಷಯದಲ್ಲಿ ಬೆಂಗಳೂರಿನವರಿಗೆ ಒಂದು ಖುಷಿ ಇದೆ. 1991ರ ಬಾಡಿಗೆ ಕಾನೂನಿನ ಪ್ರಕಾರ ಅಲ್ಲಿ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಹತ್ತು ತಿಂಗಳದ್ದು ಕೊಟ್ಟು ಅಭ್ಯಾಸ ಇರುವ ನಮಗೆ ಇದು ಕನಸು. ಆದರೆ ಅಡ್ವಾನ್ಸ್ ಬದಲು ಜಾಮೀನುದಾರ ಬೇಕು ಅನ್ನುವ ಮಾಲೀಕರು ತುಂಬಾ ಜನ ಇದ್ದಾರೆ. ಅದೂ ಆಸ್ತಿ ಇರುವ ಜಾಮೀನುದಾರ. ಹೊಸಬರಿಗೆ ಎಲ್ಲಿಂದ ಬರಬೇಕು? ಇವಳು ಸಾಮಾನು ಸಮೇತ ಇರುವ ಮನೆಯನ್ನು ಮೂರು ಮೂರು ತಿಂಗಳಿಗೆ ಹಿಡಿದಳು. 90 ದಿನದ ಒಳಗಿನ ಅಂಥ ಬಾಡಿಗೆಗೆ ಕಾನೂನಿನಲ್ಲೇ ಬೇರೆ ಜಾಗ ಇದೆ. ಬಾಡಿಗೆಯ ಜೊತೆ ಮೇಂಟೆನೆನ್ಸ್ ಮತ್ತು ಮನೆ ಕಂದಾಯವೂ ಸೇರುತ್ತದೆಯಾ ಅಂತ ಕೇಳಿಯೇ ಸಹಿ ಹಾಕಿ.

ಮತ್ತೆ ಒಂದು ಸೂಜಿ. ಹಳದಿ ಜ್ವರದ ಲಸಿಕೆ ಇಲ್ಲದೆ ಬ್ರೆಜಿಲ್‌ನಿಂದ ಬಂದರೆ ನಮ್ಮ ಏರ್‌ಪೋರ್ಟಿನಲ್ಲಿ ಆರು ದಿನದ ತನಕ ಕ್ವಾರಂಟೈನ್ ಮಾಡಬಹುದು. ಪ್ರಯಾಣಕ್ಕೆ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಬೇಕು, ಜೀವನಪೂರ್ತಿ ನಡೆಯುತ್ತದೆ.

ಫೆಬ್ರವರಿ ಕೊನೆಯಲ್ಲಿ, ಕಾರ್ನಿವಲ್ ಆದ ಮೇಲೆ, ಮೆಸೇಜ್ ಬಂತು: "ಸರ, ಇನ್ನೆರಡು ತಿಂಗಳು ಇದ್ದರ ನಡೀತೈತೇನ್ರಿ?" ಏಪ್ರಿಲ್ 6ಕ್ಕೆ 184 ತುಂಬುತ್ತೆ ಅಂತ ಬರೆದೆ. ಅದು ದಾಟಿದರೆ ಹೊರಡುವಾಗಲೂ ಸುಮ್ನೆ ಹೊರಡುವ ಹಾಗಿಲ್ಲ. ದೇಶ ಬಿಟ್ಟೆ ಅಂತ ಅವರ ತೆರಿಗೆ ಇಲಾಖೆಗೆ ತಿಳಿಸಬೇಕು, ಕೊನೆಯ ರಿಟರ್ನ್ ಹಾಕಬೇಕು. ಹೇಳದೆ ಬಂದರೆ ಇನ್ನೂ ಹನ್ನೆರಡು ತಿಂಗಳು ನೀನು ಅವರ ಲೆಕ್ಕದಲ್ಲಿ ರೆಸಿಡೆಂಟೇ ಅಂದೆ. ಎರಡು ನೀಲಿ ಗೆರೆ ಬಿತ್ತು. ಉತ್ತರ ಬರಲಿಲ್ಲ.

ಮಾರ್ಚ್ 17ಕ್ಕೆ ವಾಪಸ್ ಬಂದಳು. ಮತ್ತೆ ಈ ದಸರಾಕ್ಕೆ ಹೊರಡುವ ಯೋಚನೆ ಇದೆ, ಈ ಸಲ ಸಾವೊ ಪಾಲೊಗೆ. ಮನೆಯ ಮಿಕ್ಸಿ ತಗೊಂಡು ಹೋಗಲಾ ಅಂತ ಕೇಳಿದಳು. ಫ್ಲೋರಿಪಾದಲ್ಲಿ 220 ವೋಲ್ಟ್, ಅಲ್ಲಾಗಿದ್ದರೆ ನಡೆಯುತ್ತಿತ್ತು. ಸಾವೊ ಪಾಲೊದಲ್ಲಿ 127. ಚಟ್ನಿ ಆಗುವುದಿಲ್ಲ.